ಪತ್ನಿ ಸಮೇತ

ಏನ್ರೀ,

ಕೊಡುತ್ತೇವೆ ಎಂದದ್ದನ್ನೂ ಕೊಡದೆ ಹೋದದ್ದನ್ನೂ ಮೊದಲೇ ಬರೆದುಬಿಡುತ್ತೇನೆ. ಕರಪತ್ರ ಬರೆದು ಪಳಗಿದ ಕೈ ಇದು, ಬೇರೆ ರೀತಿ ಶುರು ಮಾಡಲು ಬರುವುದಿಲ್ಲ. ಮಿಷನ್ನಿನವರು ಇಬ್ಬರನ್ನೂ ಮಿಷನರಿಗಳಾಗಿ ಕಳಿಸುತ್ತೇವೆ ಎಂದರು. ಆದೇಶದಲ್ಲಿ ನಿಮ್ಮ ಹೆಸರೊಂದೇ ಬಂತು. ನಲ್ಲಿ ಇರುವ ಎರಡು ಕೋಣೆಯ ಮನೆ ಎಂದರು. ಸಿಕ್ಕಿದ್ದು ತಗಡಿನ ಒಂದು ಕೋಣೆ, ನೀರಿಗೆ ಅರ್ಧ ಮೈಲಿ ದೂರದ ಕೈಪಂಪು. ನಡುವೆ ಒಮ್ಮೆ ಊರಿಗೆ ಬಂದುಹೋಗಬಹುದು ಎಂದರು. ಐದು ವರ್ಷದಲ್ಲಿ ಒಮ್ಮೆಯೂ ಕರೆಸಲಿಲ್ಲ. ಕಾಯಿಲೆ ಬಿದ್ದರೆ ದೊಡ್ಡ ಆಸ್ಪತ್ರೆಗೆ ಸೇರಿಸುವ ಜವಾಬ್ದಾರಿ ನಮ್ಮದು ಎಂದರು; ನೀವು ಮಲಗಿದ್ದಾಗ ನಾನು ಮಾಡಿದ ಫೋನಿಗೆ, ಪ್ರಾರ್ಥನೆ ಮಾಡುತ್ತಿದ್ದೇವೆ ಎಂಬ ಉತ್ತರ ಬಂತು. ಇಬ್ಬರಲ್ಲಿ ಒಬ್ಬರಿಗೆ ಏನಾದರೂ ಆದರೆ ಉಳಿದವರು ಅಲ್ಲೇ ಇದ್ದು ಕೆಲಸ ಮುಂದುವರಿಸಬಹುದು ಎಂದರು. ಇದನ್ನಂತೂ ಬಳ್ಳಾರಿಯ ಪಾರ್ವತಿನಗರದ ಮಿಷನ್ ಆಫೀಸಿನಲ್ಲಿ ಕಾರ್ಯದರ್ಶಿ ಟೇಬಲ್ಲಿನ ಮೇಲೆ ಕೈಯಿಟ್ಟು ಹೇಳಿದ್ದರು. ನೀವು ಪಕ್ಕದಲ್ಲೇ ಇದ್ದಿರಿ. ಆಗಬಾರದ್ದು ನಿಮಗೆ ಆಯಿತು. ಉಳಿದವಳು ನಾನು. ನನ್ನನ್ನು ವಾಪಸ್ ಕರೆಸಿ ಕೈತೊಳೆದುಕೊಂಡರು.

ಉಳಿದದ್ದೆಲ್ಲ ಹೋಗಲಿ. ಆ ಕೊನೆಯ ಮಾತೊಂದು ನನಗೆ ಬೇಕು. ಮಲಾವಿಯ ಆ ಊರಿಗೆ ವಾಪಸ್ ಹೋಗಬೇಕು, ಎದ್ದು ಓಡಾಡುವಷ್ಟು ದಿನ ಅಲ್ಲಿಯ ಕೆಲಸ ಮಾಡಬೇಕು, ಈ ಸಲ ಆದೇಶದಲ್ಲಿ ನನ್ನ ಹೆಸರಿರಬೇಕು. ಕೇಳುತ್ತಿರುವುದು ಇಷ್ಟೇ. ಏಳು ತಿಂಗಳಿಂದ ಕೇಳುತ್ತಿದ್ದೇನೆ. ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸು ಹತ್ತಿ ಇಳಿದು ಸೊಂಟ ಬಿದ್ದುಹೋಗಿದೆ. ನಿಜ ಹೇಳಲಾ? ಸಾಕಾಗಿದೆ. ಘೋಷಣೆ ಕೂಗಿದ ಗಂಟಲು ಈಗ ಒಂದು ಲೋಟ ನೀರು ಕೇಳಲೂ ಯೋಚನೆ ಮಾಡುತ್ತದೆ. ಆದರೂ ಬರೆಯಲು ಕೂತಿದ್ದೇನೆ, ಯಾಕೆಂದರೆ ಕಳೆದ ವಾರ ಒಂದು ಸಂಗತಿ ಗೊತ್ತಾಯಿತು. ಅದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಆದೇಶ ಕೈಗೆ ಬಂದ ದಿನ ಅದೇ ಆಫೀಸಿನ ಮೆಟ್ಟಿಲ ಮೇಲೆ ಕೂತು ಓದಿದೆವು. ನೀವು ಕನ್ನಡಕ ಹುಡುಕುವಷ್ಟರಲ್ಲಿ ನಾನು ಓದಿ ಮುಗಿಸಿದ್ದೆ. ನಿಮ್ಮ ಹೆಸರು, ಅದರ ಮುಂದೆ ನಿವೃತ್ತ ಶಿಕ್ಷಕರು, ಅದರ ಮುಂದೆ ‘ಪತ್ನಿ ಸಮೇತ’. ಜಮೀನು ಮಾರುವವರು ಬಾವಿ ಸಮೇತ, ಬೇವಿನ ಮರ ಸಮೇತ ಎಂದು ಪತ್ರದಲ್ಲಿ ಬರೆಸುತ್ತಾರಲ್ಲ, ಹಾಗೆ. ನನ್ನ ಹೆತ್ತವರು ನನಗೆ ಸುವಾರ್ತಮ್ಮ ಎಂದು ಹೆಸರಿಟ್ಟಿದ್ದರು. ಹೆಸರಿನಲ್ಲೇ ಸುವಾರ್ತೆ ಇದ್ದವಳನ್ನು, ಸುವಾರ್ತೆ ಸಾರಲು ಕಳಿಸುವವರು ಬಾವಿ ಮಾಡಿಟ್ಟರು.

‘ಇದನ್ನ ತಿದ್ದಿಸ್ರಿ,’ ಅಂದೆ.

‘ಇರ್ಲಿ ಬಿಡಲೇ. ಯಾರು ಸಮೇತ, ಯಾರಲ್ಲ ಅಂತ ದೇವ್ರಿಗೆ ಗೊತ್ತಿರ್ತೈತಿ.’

‘ದೇವ್ರಿಗೆ ಗೊತ್ತೈತ್ರೀ. ವೀಸಾ ಕೊಡೋನು ದೇವ್ರೇನು?’

ನೀವು ನಕ್ಕುಬಿಟ್ಟಿರಿ. ನಿಮ್ಮ ನಗುವಿಗೆ ನಾನು ಎಷ್ಟು ಸಲ ಸೋತಿದ್ದೇನೆ... ಆ ದಿನ ಸೋಲಬಾರದಿತ್ತು.

ನಿಮ್ಮನ್ನು ಮೊದಲು ಕಂಡದ್ದು ಸಿರುಗುಪ್ಪದ ತಹಶೀಲ್ದಾರರ ಕಚೇರಿಯ ಎದುರು. ನಮ್ಮ ಕೇರಿಯ ಹೆಣ ಹೂಳಲು ಜಾಗ ಕೊಡಿ ಎಂದು ಧರಣಿ ಕೂತಿದ್ದೆವು. ನೀವು ಕುರುಗೋಡಿನಿಂದ ಬಂದ ಮಾಸ್ತರು. ನಾನು ಬರೆದ ಕರಪತ್ರವನ್ನು ನನ್ನ ಕಣ್ಣೆದುರೇ ಕೆಂಪು ಇಂಕಿನಲ್ಲಿ ತಿದ್ದಿ, ‘ಕಾಗುಣಿತ ತಪ್ಪೈತ್ರಿ, ಸಿಟ್ಟು ಮಾತ್ರ ಎಲ್ಲೂ ತಪ್ಪಿಲ್ಲ,’ ಅಂದಿರಿ. ಎರಡು ವರ್ಷ ಬಿಟ್ಟು ಮದುವೆಯಾದೆವು. ಮದುವೆಯ ಹಿಂದಿನ ದಿನ ಕರೂರಿನಲ್ಲಿ ನಮ್ಮವ್ವ ನನ್ನನ್ನು ಮೂಲೆಗೆ ಕರೆದು ಗದರಿದಳು: ‘ಗಂಡನ ಹೆಸರು ಹಿಡಿದಿ ಅಂದ್ರ ಅವನ ಆಯಸ್ಸು ಕಡಿಮಿ ಆಗ್ತೈತಿ. ನಿನ್ನ ಭಾಷಣ ಏನಿದ್ರೂ ಹೊರಗ ಇಟ್ಕೊ.’ ಅದನ್ನು ನಂಬಿದೆನಾ? ಇಲ್ಲ. ಆದರೆ ನಂಬದಿದ್ದರೂ ನಾಲಗೆ ಹೊರಳಲಿಲ್ಲ. ಜಾತಿ ಬಿಡಿಸಲು ಹೊರಟವಳು ಅವ್ವನ ಒಂದು ಮಾತನ್ನು ಬಿಡಿಸಿಕೊಳ್ಳಲಾರದೆ ಮೂವತ್ತೆಂಟು ವರ್ಷ ನಿಮ್ಮನ್ನು ಏನ್ರೀ ಎಂದೇ ಕರೆದೆ.

‘ಮೈಕಿನ್ಯಾಗ ಮಂತ್ರಿ ಹೆಸರು ಹಿಡಿದು ಬೈತಿ. ನನ್ನ ಹೆಸರು ಹಿಡಿಯಾಕ ಏನಾಗೇತಲೇ ನಿಂಗ?’ ಎಂದು ನೀವು ಕಾಡುತ್ತಿದ್ದಿರಿ.

‘ನಿಮ್ಮನ್ನ ಬೈಯೋ ದಿನ ಬಂದ್ರ ಹಿಡೀತೀನಿ, ಸುಮ್ಕಿರ್ರಿ.’

ಆ ದಿನ ಬರಲೇ ಇಲ್ಲ ನೋಡಿ. ಬೈದದ್ದಕ್ಕೇನೂ ಕಡಿಮೆ ಇರಲಿಲ್ಲ, ಆದರೆ ಬೈಯುವಾಗಲೂ ‘ಏನ್ರೀ’ಯೇ.

ಮಲಾವಿಗೆ ಹೋದ ಮೊದಲ ತಿಂಗಳು ನೆನೆಸಿಕೊಂಡರೆ ಈಗಲೂ ಮೈಕೈ ನೋಯುತ್ತದೆ. ಆಫ್ರಿಕಾದಲ್ಲಿ ಆನೆ ನೋಡಿದ್ರಾ ಎಂದು ಇಲ್ಲಿಯವರು ಕೇಳುತ್ತಾರೆ. ನಾನು ನೋಡಿದ್ದು ಕೈಪಂಪು. ನಾಲ್ಕೂವರೆಗೆ ಎದ್ದು ಬಕೆಟ್ಟು ಹಿಡಿದು ಸಾಲಿನಲ್ಲಿ ನಿಲ್ಲಬೇಕು. ತಡವಾದರೆ ನೀರು ಕೆಂಪಗೆ ಬರುತ್ತಿತ್ತು. ಬಂದು ಇದ್ದಿಲ ಒಲೆ ಊದಬೇಕು. ನೀವು ಅಷ್ಟರಲ್ಲಿ ಪ್ರಾರ್ಥನಾ ಮಂದಿರ ಗುಡಿಸಿ, ಮರಕ್ಕೆ ಗಂಟೆಯಂತೆ ತೂಗುಹಾಕಿದ ಲಾರಿ ಚಕ್ರದ ರಿಮ್ಮು ಬಾರಿಸುತ್ತಿದ್ದಿರಿ. ನಮ್ಮ ಜೋಳ ಅಲ್ಲಿ ಸಿಗದು; ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿನಲ್ಲಿ ಕಲಸಿ ರೊಟ್ಟಿ ಬಡಿದರೆ ಅಂಚೆಲ್ಲ ಬಿರಿದು ಹೋಗುತ್ತಿತ್ತು. ‘ಇದು ರೊಟ್ಟಿ ಅಲ್ಲಲೇ, ಈ ದೇಶದ ನಕಾಶಿ,’ ಎಂದು ಶೇಂಗಾ ಚಟ್ನಿ ಸವರಿಕೊಂಡು ಆ ನಕಾಶೆಯನ್ನೇ ತಿನ್ನುತ್ತಿದ್ದಿರಿ. ಆಮೇಲೆ ಸೈಕಲ್ಲು. ಅರವತ್ತೈದರ ಮುದುಕ ತುಳಿಯುವುದು, ಅರವತ್ತೊಂದರ ಮುದುಕಿ ಕ್ಯಾರಿಯರ್ ಮೇಲೆ ಕೂರುವುದು. ಕಾಯಿಲೆಯವರ ಮನೆ, ಬಾಣಂತಿಯ ಮನೆ, ವಾರಕ್ಕೊಂದಾದರೂ ಸತ್ತವರ ಮಣ್ಣು. ಸಂಜೆ ಹಿಟ್ಟಿನ ಗಿರಣಿಯಲ್ಲಿ ಪಾಳಿ. ಕತ್ತಲಾಗುವ ಹೊತ್ತಿಗೆ ನಿಮ್ಮ ಕಾಲು ಬಾತಿರುತ್ತಿದ್ದವು, ನನ್ನ ಸೊಂಟ ಮರಗಟ್ಟಿರುತ್ತಿತ್ತು. ಬಿಸಿನೀರಿನ ಒಂದೇ ಬೋಗುಣಿಯಲ್ಲಿ ಇಬ್ಬರೂ ಕಾಲಿಟ್ಟುಕೊಂಡು ಕೂತು ಗೋಡೆ ನೋಡುತ್ತಿದ್ದೆವು. ಸೇವೆ ಸೇವೆ ಎಂದು ಸ್ಟೇಜಿನ ಮೇಲೆ ಉದುರಿಸುವವರಿಗೆ ಆ ಬೋಗುಣಿ ತೋರಿಸಬೇಕಿತ್ತು.

ನೀವು ಹೆನ್ರಿ ಆದ ಭಾನುವಾರ ನೆನಪಿದೆಯಾ? ಪಕ್ಕದ ಮನೆಯ ಎಸ್ನಾತ್, ಊರಿನ ಹೆಂಗಸರಿಗೆಲ್ಲ ದೊಡ್ಡವಳ ಹಾಗಿದ್ದವಳು, ಮಂದಿರದಲ್ಲಿ ಎದ್ದುನಿಂತು ನಮ್ಮನ್ನು ಪರಿಚಯ ಮಾಡಿಸಿದಳು. ‘ಭಾರತದಿಂದ ಬಂದ ನಮ್ಮ ತಂದೆ ಹೆನ್ರಿ,’ ಎಂದಳು. ನೀವು ಹಿಂದೆ ತಿರುಗಿ ಆ ಹೆನ್ರಿ ಎಲ್ಲಿ ಎಂದು ಹುಡುಕಿದಿರಿ. ನನಗೆ ತಕ್ಷಣ ಹೊಳೆಯಿತು, ಸೆರಗು ಬಾಯಿಗಿಟ್ಟುಕೊಂಡೆ. ಏನ್ರೀ ನೀರು ಕಾದಾವು, ಏನ್ರೀ ಗುಳಿಗಿ ತಗೊಂಡ್ರ್ಯಾ, ಏನ್ರೀ ಸೈಕಲ್ ಪಂಕ್ಚರ್ ಆಗೇತಿ ಎಂದು ಬೆಳಗಿನಿಂದ ಸಂಜೆವರೆಗೆ ಒಂದು ತಿಂಗಳು ನಾನು ಕೂಗಿದ್ದನ್ನು ಬೇಲಿಯ ಆಚೆ ಕೇಳಿಸಿಕೊಂಡು, ಅದೇ ನಿಮ್ಮ ಹೆಸರು ಎಂದುಕೊಂಡಿದ್ದಳು. ಮನೆಗೆ ಬಂದು ನೀವು ಸೊಂಟಕ್ಕೆ ಕೈಕೊಟ್ಟು ನಿಂತಿರಿ.

‘ಏನಲೇ, ಅಪ್ಪ ಇಟ್ಟ ಹೆಸರು ತಿಂದು ನೀರು ಕುಡಿದ್ಯಲ್ಲ!’

‘ನಿಮ್ಮಪ್ಪ ಇಟ್ಟ ಹೆಸರು ನಾ ಯಾವಾಗರ ಬಾಯಾಗ ಇಟ್ಕೊಂಡೀನೇನ್ರೀ, ತಿನ್ನಾಕ?’

ಮಾರನೆಯ ದಿನ ತಿದ್ದಲು ನೋಡಿದೆವು. ಎಸ್ನಾತ್ ಒಪ್ಪಲಿಲ್ಲ. ಗಂಡನ ಹೆಸರು ಹೆಂಡತಿಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತಿರುತ್ತದೆ ಎಂದು ನಮಗೇ ಕೇಳಿದಳು. ಅಲ್ಲಿಗೆ ನೀವು ಹೆನ್ರಿಯಾಗಿಯೇ ಉಳಿದಿರಿ, ನಾನು ‘ಅಮಾಯಿ ಹೆನ್ರಿ’ ಆದೆ. ಅವರಲ್ಲಿ ಅಮಾಯಿ ಎಂದರೆ ತಾಯಿ. ಆದರೆ ಗಡಿ ಸೀಮೆಯ ನಮ್ಮ ಕಿವಿಗೆ ಅದು ತೆಲುಗಿನ ಅಮ್ಮಾಯಿ, ಪ್ರಾಯದ ಹುಡುಗಿ! ‘ಅರವತ್ತೊಂದಕ್ಕ ಅಮ್ಮಾಯಿ ಆದಿ. ನನ್ನನ್ನ ನೋಡಿದ್ರ ಸಾಯೇಬ ಮಾಡಿ ಕುಂದ್ರಿಸ್ಯಾರ,’ ಎಂದು ವಾರಗಟ್ಟಲೆ ಚುಡಾಯಿಸಿದಿರಿ. ಅಷ್ಟು ನಗು ನಮ್ಮಲ್ಲಿ ಎಲ್ಲಿಂದ ಬರುತ್ತಿತ್ತು ಏನೋ. ಈಗ ಹುಡುಕಿದರೂ...

ಭತ್ತದ ಗದ್ದೆಯ ಆ ಮುಂಜಾನೆಯನ್ನು ಮಾತ್ರ ನಾನು ಮರೆಯಲಾರೆ. ನದಿ ಬಯಲು, ಕಾಲುವೆ ನೀರು, ಮೊಣಕಾಲುದ್ದದ ಕೆಸರು. ಹೆಂಗಸರು ಸಾಲಾಗಿ ಬಗ್ಗಿ ಸಸಿ ಹಚ್ಚುತ್ತಿದ್ದರು. ಕರೂರಿನಲ್ಲಿ ಹತ್ತು ವರ್ಷದವಳಿದ್ದಾಗಿನಿಂದ ಅವ್ವನ ಪಕ್ಕ ಬಗ್ಗಿದ ಬೆನ್ನು ನನ್ನದು. ಸೀರೆ ಎತ್ತಿ ಕಟ್ಟಿ ಇಳಿದುಬಿಟ್ಟೆ. ನೀವು ಬದುವಿನ ಮೇಲೆ ಬೈಬಲ್ ಚೀಲ ಹಿಡಿದು ನಿಂತಿದ್ದಿರಿ.

‘ಲೇ, ನಾವು ಬಂದಿರೋದು ಸುವಾರ್ತಿ ಹೇಳಾಕ, ಸಸಿ ಹಚ್ಚಾಕಲ್ಲ.’

‘ಬದುವಿನ ಮ್ಯಾಲೆ ನಿಂತು ಹೇಳಿದ್ರ ಬಗ್ಗಿದೋರಿಗೆ ಕೇಳ್ಸಂಗಿಲ್ರೀ. ಬರ್ರಿ ನೀವೂ.’

ನೀವು ಪ್ಯಾಂಟು ಮಡಚಿದಿರಿ. ಎರಡು ಸಾಲು ಹಚ್ಚಿ ಮೂರು ದಿನ ಹಾಸಿಗೆ ಹಿಡಿದಿರಿ. ಆದರೆ ಆ ದಿನದಿಂದ ಹನ್ನೊಂದು ಹೆಂಗಸರು ಮಧ್ಯಾಹ್ನ ನಮ್ಮ ಅಂಗಳದ ಮಾವಿನ ಮರದ ಕೆಳಗೆ ಕೂರತೊಡಗಿದರು. ಅಕ್ಷರ ನಾನು ಕಲಿಸಿದೆ, ಮಾತು ಅವರದು. ಎಸ್ನಾತ್ ಒಂದೊಂದು ಶಬ್ದ ಹೇಳುವುದು, ನಾನು ಅದನ್ನು ಒಡೆದು ಹಲಗೆಯ ಮೇಲೆ ಬರೆಯುವುದು. ನನಗೆ ಅವರ ಭಾಷೆ ಬಂದದ್ದೂ ಹಾಗೇ. ನೀರಿಗೆ ದುಡ್ಡು ಕೇಳಿ ಕೈಪಂಪಿಗೆ ಊರಿನ ಗಂಡಸರು ಬೀಗ ಜಡಿದಾಗ, ಅದೇ ಹನ್ನೊಂದು ಹೆಂಗಸರು ಬಕೆಟ್ಟು ಬೋರಲು ಹಾಕಿ ಪಂಪಿನ ಸುತ್ತ ಕೂತರು. ಧರಣಿ ಎಂಬ ಶಬ್ದ ನಾನು ಹೇಳಿಕೊಟ್ಟಿರಲಿಲ್ಲ. ಹೇಗೆ ಕೂರಬೇಕು ಎಂಬುದನ್ನು ಮಾತ್ರ... ನಾಲ್ಕನೆಯ ದಿನ ಬೀಗದ ಕೈ ಎಸ್ನಾತಳ ಸೊಂಟಕ್ಕೆ ಬಂತು. ಆ ತಿಂಗಳ ವರದಿಯಲ್ಲಿ ನೀವು ಏನು ಬರೆದಿರಿ? ‘ನಾವು ಹನ್ನೊಂದು ಜನ ಸಹೋದರಿಯರಿಗೆ ಅಕ್ಷರ ಕಲಿಸಿದೆವು.’ ನಾವು ಎಂದು ಬರೆದದ್ದು ನಿಮ್ಮ ನ್ಯಾಯ. ನನಗೂ ಆಗ ಅದು ಸರಿ ಎನಿಸಿತ್ತು. ಆ ಒಂದು ಶಬ್ದ ಏನು ಮಾಡಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಜ್ವರ ಬಂದ ಬೆಳಿಗ್ಗೆಯೂ ನೀವು ಎದ್ದು ರಿಮ್ಮು ಬಾರಿಸಿದಿರಿ. ಮಧ್ಯಾಹ್ನಕ್ಕೆ ಮಾತು ತೊದಲಿತು. ಮಲೇರಿಯಾ ತಲೆಗೇರಿದೆ ಎಂದು ಊರಿನ ನರ್ಸು ಹೇಳಿದಳು. ಎಸ್ನಾತ್ ಮತ್ತು ಹೆಂಗಸರು ಸೈಕಲ್ಲಿಗೆ ಮಂಚದಂಥದ್ದನ್ನು ಕಟ್ಟಿ ನಿಮ್ಮನ್ನು ಆಸ್ಪತ್ರೆಗೆ ಎಳೆದರು. ನಾನು ಬಳ್ಳಾರಿಗೆ ಫೋನು ಮಾಡುತ್ತಲೇ ಇದ್ದೆ. ಪಟ್ಟಣದ ದೊಡ್ಡ ಆಸ್ಪತ್ರೆಗೆ ಸಾಗಿಸಲು ಅವರ ಒಂದು ಮಾತು ಸಾಕಿತ್ತು. ಅಧ್ಯಕ್ಷರು ಊರಲ್ಲಿಲ್ಲ ಎಂದರು. ಮರುದಿನ ಸಭೆ ಕರೆಯುತ್ತೇವೆ ಎಂದರು. ಅದರ ಮರುದಿನ, ಪ್ರಾರ್ಥನೆ ಮಾಡುತ್ತಿದ್ದೇವೆ ಎಂದರು. ಮೂರನೆಯ ದಿನ ಊಟದ ಹೊತ್ತಿಗೆ ನೀವು ಕಣ್ಣು ತೆರೆದು ‘ಕಾಲು ಬಾತಾವೇನಲೇ?’ ಎಂದು ಕೇಳಿದಿರಿ. ನಿಮ್ಮ ಕಾಲೋ, ನನ್ನ ಕಾಲೋ? ಕೇಳೋಣ ಎಂದು ಬಗ್ಗಿದೆ...

ನಿಮ್ಮನ್ನು ಮಣ್ಣು ಮಾಡಿದ ದಿನ ಇಡೀ ಊರು ಬಂದಿತ್ತು. ಮರದ ಶಿಲುಬೆಗೆ ಹೆಂಗಸರೇ ಬಿಳಿ ಬಣ್ಣ ಬಳಿದು ಹೆನ್ರಿ ಎಂದು ಬರೆದಿದ್ದರು. ಅಕ್ಷರ ದುಂಡಗಿದ್ದವು. ನಾನು ಕಲಿಸಿದ ಅಕ್ಷರ. ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ, ಎಂದರೂ ಸರಿಯಾದ ಹೆಸರು ಹೇಳಬೇಕಿತ್ತಲ್ಲ. ಅದಾದ ಮೇಲೆ ಕಾಗದ ಬಂತು. ನನ್ನ ವೀಸಾ ನಿಮ್ಮ ವೀಸಾಕ್ಕೆ ನೇತುಬಿದ್ದಿತ್ತಂತೆ. ನೀವಿಲ್ಲ, ಆದ್ದರಿಂದ ನಾನೂ ಅಲ್ಲಿ ಇರುವ ಹಾಗಿಲ್ಲ. ಆ ಎರಡು ಶಬ್ದವನ್ನು ತಿದ್ದಿಸಿ ಎಂದು ಮೆಟ್ಟಿಲ ಮೇಲೆ ಹೇಳಿರಲಿಲ್ಲವೇ ನಾನು? ನೋಡಿ, ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎಂದು ಕೂತವಳು, ಮತ್ತೆ ಅಲ್ಲಿಗೇ ಬಂದೆ.

ಕುರುಗೋಡಿನಲ್ಲಿ ನಿಮ್ಮ ಸ್ಮರಣೆಯ ಆರಾಧನೆ ಇಟ್ಟರು. ಅಧ್ಯಕ್ಷರು ನಿಮ್ಮನ್ನು ಅರ್ಧ ಗಂಟೆ ಹೊಗಳಿದರು. ಒಬ್ಬಂಟಿಯಾಗಿ ಹೋಗಿ ಹನ್ನೊಂದು ಹೆಂಗಸರಿಗೆ ಅಕ್ಷರ ಕೊಟ್ಟ ಮಹಾನುಭಾವ ಎಂದರು. ಒಬ್ಬಂಟಿ! ನಾನು ಮೊದಲ ಸಾಲಿನಲ್ಲಿ ಕೂತಿದ್ದೆ, ಅವರ ಕಣ್ಣಿನ ನೇರಕ್ಕೆ. ಕೊನೆಗೆ ‘ಮಾಸ್ತರ ಧರ್ಮಪತ್ನಿ’ ಎಂದು ಕರೆದು ಶಾಲು ಹೊದಿಸಿದರು, ಮೈಕು ಕೊಡಲಿಲ್ಲ. ಇಪ್ಪತ್ತು ವರ್ಷ ಹಿಂದಿನ ಸುವಾರ್ತಮ್ಮ ಆಗಿದ್ದರೆ ಆ ಮೈಕನ್ನು ಕಿತ್ತುಕೊಳ್ಳುತ್ತಿದ್ದಳು. ನಾನು ಶಾಲು ಮಡಚಿಕೊಂಡು ಇಳಿದು ಬಂದೆ. ಮಂಡಿ ನೋಯುತ್ತಿತ್ತು.

ಸಿರುಗುಪ್ಪದಲ್ಲಿ ತಂಗಿ ಕಮಲಿಯ ಮನೆಯಲ್ಲಿದ್ದೇನೆ. ಅವಳ ಹೊಲಿಗೆ ಮಷೀನಿನ ಪಕ್ಕ ನನ್ನ ಹಾಸಿಗೆ. ಜಂಪರಿಗೆ ಗುಂಡಿ ಹಚ್ಚಿಕೊಡುತ್ತೇನೆ. ಪ್ರೀತಿಗೇನೂ ಕಡಿಮೆ ಇಲ್ಲ, ಬೈಗುಳಕ್ಕೂ ಕಡಿಮೆ ಇಲ್ಲ.

‘ಅಲ್ಲಕ್ಕಾ, ನಡದ್ರ ಕಾಲು ಎಳೀತಾವು ನಿಂಗ. ಅಲ್ಲಿ ಹೋಗಿ ಯಾರನ್ನ ಉದ್ಧಾರ ಮಾಡಾಕಿ?’

‘ಉದ್ಧಾರ ಮಾಡಾಕಲ್ಲ ಕಮಲಿ. ಅಲ್ಲಿ ಕೆಲಸ ಅರ್ಧಕ್ಕ ಬಿಟ್ಟು ಬಂದೀನಿ.’

‘ಎಲ್ಲರೂ ಅರ್ಧಕ್ಕ ಬಿಟ್ಟೇ ಹೋಗೋದು. ಭಾವ ಬಿಡಲಿಲ್ಲೇನು?’

ಒಂದು ವಾರ ಆಫೀಸಿನ ಕಡೆ ತಲೆ ಹಾಕಲಿಲ್ಲ. ಗುಂಡಿ ಹಚ್ಚುತ್ತ ಕೂತೆ. ಹೋಗಲೇಬೇಕಾ ಎಂದು ನನ್ನನ್ನೇ ಕೇಳಿಕೊಂಡೆ. ಹೋರಾಟಗಾರ್ತಿ, ಮಿಷನರಿ, ಸುಡುಗಾಡು... ಎಲ್ಲವನ್ನೂ ಇಳಿಸಿಟ್ಟು ಮಲಗಿದರೆ ಯಾರು ಕೇಳುತ್ತಾರೆ? ಆದರೆ ಮಲಗಿದರೆ ಮಾವಿನ ಮರದ ಕೆಳಗಿನ ಹಲಗೆ ಕಣ್ಣ ಮುಂದೆ ಬರುತ್ತದೆ. ಆ ಐದು ವರ್ಷ ನನ್ನ ಬದುಕಿನಲ್ಲಿ ನಾನು ಯಾರ ಸಮೇತವೂ ಆಗಿರಲಿಲ್ಲ ಏನ್ರೀ. ಕಾಗದದಲ್ಲಿ ಆಗಿದ್ದೆ, ಕೆಸರಿನಲ್ಲಿ ಆಗಿರಲಿಲ್ಲ.

ಎಂಟನೆಯ ಸಲ ಆಫೀಸಿಗೆ ಹೋದಾಗ ಕಾರ್ಯದರ್ಶಿ ನಿಮ್ಮ ವರದಿಗಳ ಫೈಲು ತೆಗೆಸಿದರು. ಕೆಟ್ಟ ಮನುಷ್ಯ ಅಲ್ಲ, ಚಹಾ ತರಿಸಿದರು.

‘ನಿಮ್ಮ ಹೆಸರ್ನಾಗ ಸೇವಾ ದಾಖಲಿ ಏನೈತಿ ತೋರಸ್ರಿ ಅಮ್ಮಾರ. ನಾ ಇಲ್ಲ ಅನ್ನಂಗಿಲ್ಲ.’

‘ಆ ವರದಿ ಓದ್ರಿ. ನಾವು ಕಲಿಸಿದೆವು, ನಾವು ಹೋದೆವು ಅಂತ ಐತಿ. ನಾವು ಅಂದ್ರ ಯಾರು?’

‘ಅದು ಬಹುವಚನ ಅಲ್ಲೇನ್ರಿ. ಮಾಸ್ತರು ದೊಡ್ಡೋರು, ಗೌರವಕ್ಕ ನಾವು ಅಂತ ಬರಕೊಂಡಾರ. ನಮ್ಮ ಅಧ್ಯಕ್ಷರೂ ಹಂಗ ಬರೀತಾರ.’

ನೋಡಿದಿರಾ? ಪೂರಾ ಐದು ವರ್ಷ ನೀವು ನ್ಯಾಯವಾಗಿ ಬರೆದ ನಾವು ಎಂಬುದರೊಳಗಿಂದ ನನ್ನನ್ನು ಎತ್ತಿ ಹೊರಗೆ ಹಾಕಿ, ಅದನ್ನು ನಿಮ್ಮೊಬ್ಬರ ದೊಡ್ಡಸ್ತಿಕೆ ಮಾಡಿದ್ದರು. ನಾನು ಚಹಾ ಮುಟ್ಟದೆ ಎದ್ದುಬಂದೆ. ಎದ್ದುಬರಲೂ ಎರಡು ಸಲ ಕುರ್ಚಿ ಹಿಡಿಯಬೇಕಾಯಿತು.

ಕಳೆದ ವಾರ ಗೊತ್ತಾಯಿತು ಅಂದೆನಲ್ಲ, ಅದು ಈ ಚಹಾದ ದಿನವೇ. ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಆಫೀಸಿನ ಟೈಪಿಸ್ಟು ಜಯಶೀಲಮ್ಮ ನೀರಿನ ಬಾಟಲಿ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಸುಮ್ಮನೆ ಮಾತಿಗೆ ಮಾತು ಬಂದು, ‘ಆಫ್ರಿಕಾದಿಂದ ಏನೇನೋ ಬರ್ತಾವ್ರಿ ಅಕ್ಕಾರ,’ ಎಂದಳು. ‘ಮೂರು ತಿಂಗಳ ಹಿಂದ ಆಫೀಸಿನ ವಾಟ್ಸಾಪಿಗೆ ಒಂದು ಕೈಬರಹದ ಪತ್ರ ಬಂದಿತ್ತು. ಮ್ಯಾಲೆ ಒಂದು ಸಾಲು ಇಂಗ್ಲಿಷು, ಕೆಳಗೆಲ್ಲ ಅವರ ಭಾಷಾ. ನಮ್ಮ ಅಮಾಯಿ ಹೆನ್ರೀನ ವಾಪಸ್ ಕಳಿಸ್ರಿ ಅಂತ. ಹೆನ್ರಿ ಅನ್ನೋರು ನಮ್ಮವರು ಯಾರೂ ಇಲ್ಲ, ಮೋಸದ ಮೆಸೇಜು ಇರಬೇಕು ಅಂದ್ರು ಸಾಹೇಬ್ರು. ಅಂಥವರು ನಮ್ಮ ಮಿಷನ್ನಿನ್ಯಾಗ ಇಲ್ಲ ಅಂತ ನಾನ ಉತ್ತರ ಕಳಿಸಿದೆ.’

ನಾನು ಅವಳ ಫೋನಿಗೆ ಕೈ ಚಾಚಿದೆ.

‘ಯಾಕ್ರಿ ಅಕ್ಕಾರ? ಏನಾತು?’

‘ಆ ಪತ್ರ ಐತೇನು ಇನ್ನಾ?’

ಫೋನಿನಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಸಿ ತೆಗೆದು ತೋರಿಸಿದಳು. ಅದೇ ದುಂಡನೆಯ ಅಕ್ಷರ. ಕೆಳಗೆ ಹನ್ನೊಂದು ಸಹಿ. ಹೆಬ್ಬೆಟ್ಟು ಒಂದೂ ಇಲ್ಲ, ಏನ್ರೀ! ಒಂದೂ ಇಲ್ಲ. ಸೇವಾ ದಾಖಲೆ ತೋರಿಸಿ ಎಂದು ಏಳು ತಿಂಗಳು ನನ್ನನ್ನು ಬೆಂಚಿನ ಮೇಲೆ ಕೂರಿಸಿದವರ ಜೇಬಿನೊಳಗೆ ಆ ದಾಖಲೆ ಮೂರು ತಿಂಗಳಿಂದ ಬಿದ್ದಿತ್ತು. ಅದನ್ನು ಮೋಸದ ಮೆಸೇಜು ಮಾಡಿದ್ದು ಅವರಲ್ಲ, ನಾನು. ಅವರು ಅರಿಯದವರು. ನಿಮ್ಮ ಹೆಸರು ಹಿಡಿದು ಒಂದೇ ಒಂದು ಸಲ ನಾನು ಕರೆದಿದ್ದರೆ, ಆ ಪತ್ರ ಬಂದ ದಿನವೇ ಗುರುತು ಸಿಗುತ್ತಿತ್ತು. ಹೋರಾಟದವಳಂತೆ ನಾನು. ಥೂ.

ಅವತ್ತೇ ಮತ್ತೆ ಮೇಲೆ ಹತ್ತಿದೆ. ಫೋನು ಕಾರ್ಯದರ್ಶಿಯ ಮುಂದಿಟ್ಟು, ಇದು ನಾನೇ ಎಂದೆ. ಅವರು ಪತ್ರ ನೋಡಿದರು, ನನ್ನನ್ನು ನೋಡಿದರು.

‘ನಿಮ್ಮ ಯಜಮಾನ್ರ ಹೆಸರು ಹೆನ್ರಿ ಅಲ್ಲಲ್ರಿ?’

‘ಅಲ್ಲ.’

‘ಮತ್ತ ಅವರ ಹೆಸರು ಏನು? ನೀವ ಬಾಯಿಬಿಟ್ಟು ಹೇಳ್ರಿ. ನಾ ಬರಕೊಂತೀನಿ.’

ನನ್ನ ನಾಲಗೆ ಅಂಟಿಕೊಂಡಿತು. ಎದುರಿಗೆ ಪೊಲೀಸರು ಲಾಠಿ ಹಿಡಿದು ನಿಂತಾಗಲೂ ಹಾಗಾಗಿರಲಿಲ್ಲ. ಜಯಶೀಲಮ್ಮ ಬಾಗಿಲಲ್ಲಿ ನಿಂತಿದ್ದಳು. ಕಮಿ ಮಾಡಲು ನಿಮ್ಮ ಆಯಸ್ಸಿನಲ್ಲಿ ಏನು ಉಳಿದಿದೆ ಎಂದುಕೊಂಡೆ, ಅಂದುಬಿಟ್ಟೆ. ‘ದೇವದಾನ.’ ಮೆತ್ತಗೆ ಬಂತು. ಇನ್ನೊಮ್ಮೆ ಗಟ್ಟಿಯಾಗಿ ಅಂದೆ. ‘ನನ್ನ ಗಂಡನ ಹೆಸರು ದೇವದಾನ. ನಾ ಏನ್ರೀ ಅಂತ ಕರೀತಿದ್ದೆ. ಅವರಿಗೆ ಅದು ಹೆನ್ರಿ ಅಂತ ಕೇಳಸ್ತು.’

ಕಾರ್ಯದರ್ಶಿ ಮೊದಲು ನಕ್ಕರು, ಆಮೇಲೆ ನಗು ನಿಂತಿತು. ಮನೆಯಲ್ಲಿ ಅವರ ಹೆಂಡತಿ ಅವರನ್ನು ಏನೆಂದು ಕರೆಯುತ್ತಾರೋ.

‘ಆದ್ರೂ ಅಮ್ಮಾರ,’ ಎಂದರು, ‘ಅಮಾಯಿ ಹೆನ್ರಿ ಅಂದ್ರ ಹೆನ್ರಿ ಹೆಂಡ್ತಿ ಅಂತ ಆತಲ್ರಿ? ಅಲ್ಲೂ ನೀವು ಮಾಸ್ತರ ಪತ್ನಿಯಾಗೇ ಇದ್ರಿ.’

ಆ ಪ್ರಶ್ನೆ ನನಗೂ ಮೆಟ್ಟಿಲು ಹತ್ತುವಾಗ ಚುಚ್ಚಿತ್ತು. ಸುಳ್ಳು ಹೇಳುವುದಿಲ್ಲ. ಆದರೆ ಅವರು ಕೇಳಿದ ಕ್ಷಣ ಉತ್ತರ ಬಂತು. ‘ಹೆನ್ರಿ ನನ್ನ ಗಂಡನ ಹೆಸರಲ್ರಿ. ಅದು ನನ್ನ ಬಾಯಾಗಿನ ಮಾತು. ಆ ಊರಿನ್ಯಾಗ ಐದು ವರ್ಷ ದಿನಾ ಕೇಳಿದ್ದು ನನ್ನ ದನಿ. ಆ ದನಿಗೆ ಅವರು ಹೆಸರು ಇಟ್ಟಾರ. ಮಾಸ್ತರಿಗೇ ನನ್ನಿಂದ ಆ ಹೆಸರು ಬಂತು, ಅವರಿಂದ ನನಗ ಬಂದಿಲ್ಲ.’ ನೀವಿದ್ದಿದ್ದರೆ ಇದಕ್ಕೂ ಕೆಂಪು ಇಂಕು ಹಚ್ಚುತ್ತಿದ್ದಿರಿ. ಆದರೆ ಒಪ್ಪುತ್ತಿದ್ದಿರಿ, ಗೊತ್ತು ನನಗೆ.

ಮನೆಗೆ ಬಂದು, ಆ ಪತ್ರ ಬಂದ ನಂಬರಿಗೆ ಎಸ್ನಾತಳಿಗೆ ಫೋನು ಮಾಡಿದೆ; ಅಲ್ಲಿಯವರೆಗೆ ಅವಳ ನಂಬರು ನನ್ನ ಬಳಿ ಇರಲಿಲ್ಲ. ಮೂರನೆಯ ಸಲಕ್ಕೆ ಸಿಕ್ಕಿದಳು. ನನ್ನ ದನಿ ಕೇಳಿ ಒಂದು ನಿಮಿಷ ಅತ್ತಳು, ಎರಡು ನಿಮಿಷ ಬೈದಳು. ನೀನು ಇಲ್ಲವೇ ಇಲ್ಲ ಎಂದು ನಿನ್ನ ದೇಶದವರು ಬರೆದರು, ನೀನೂ ಸತ್ತೆ ಎಂದುಕೊಂಡು ಪ್ರಾರ್ಥನೆ ಮಾಡಿದೆವು ಎಂದಳು. ನಿಮ್ಮ ಮಣ್ಣಿನ ಪಕ್ಕ ಹೆಂಗಸರು ಒಂದು ಬಾಳೆ ನೆಟ್ಟಿದ್ದಾರಂತೆ. ಮಾವಿನ ಮರದ ಕೆಳಗೆ ಈಗ ಹದಿನಾಲ್ಕು ಜನ, ಎಸ್ನಾತಳೇ ಹಲಗೆ ಹಿಡಿಯುತ್ತಾಳಂತೆ. ಕೂಡಿಸಿ ಬರೆಯುವ ಶಬ್ದಗಳಲ್ಲಿ ಎಡವುತ್ತಾಳಂತೆ. ನಾನು ಬೇಕಾಗಿರುವುದು ಅಲ್ಲಿ. ದೊಡ್ಡ ಕಾರಣ ಏನೂ ಇಲ್ಲ, ಅಷ್ಟೇ.

ಇನ್ನೊಂದು ಸುದ್ದಿ ನೀವು ಕೇಳಬೇಕು. ನನ್ನ ಅರ್ಜಿ ಕಮಿಟಿಯ ಮುಂದೆ ಹೋಗುತ್ತಿದೆ. ನನ್ನ ಹೆಸರಿನ ಕೆಳಗೆ ‘ದಿವಂಗತರ ಪತ್ನಿ’ ಎಂದು ಜಯಶೀಲಮ್ಮ ಅಭ್ಯಾಸಬಲದಿಂದ ಟೈಪು ಮಾಡಿದ್ದಳು, ಅವಳೇ ಅಳಿಸಿದಳು. ಸುವಾರ್ತಮ್ಮ, ಅಷ್ಟೇ ಉಳಿಯಿತು. ‘ಹತ್ತು ನಿಮಿಷ ಕೊಡ್ತೀವಿ, ಬರ್ರಿ, ಹೇಳ್ರಿ. ಆದ್ರ ಕಮಿಟಿ ಏನಂತೈತೋ ನಾ ಹೇಳಾಕ ಬರಂಗಿಲ್ಲ,’ ಎಂದಿದ್ದಾರೆ ಕಾರ್ಯದರ್ಶಿ. ಅವರು ಇಲ್ಲ ಎನ್ನಬಹುದು. ವಯಸ್ಸು ಎನ್ನಬಹುದು, ಮಂಡಿ ತೋರಿಸಿ ಎನ್ನಬಹುದು. ಎಂದರೆ ಮತ್ತೆ ಬಸ್ಸು ಹತ್ತುತ್ತೇನೆ. ದಣಿದಿದ್ದೇನೆ, ಆದರೆ ಬಸ್ಸಿನಲ್ಲಿ ಕೂತೇ ಹೋಗುವುದಲ್ಲವೇ. ಆ ಹತ್ತು ನಿಮಿಷದಲ್ಲಿ ನಾನು ಐದು ಮಾತ್ರ ಮಾತಾಡುತ್ತೇನೆ. ಉಳಿದ ಐದು ಫೋನಿನ ಆಚೆಯಿಂದ ಆ ಹದಿನಾಲ್ಕು ಹೆಂಗಸರದು. ಅವರು ಬರೆದದ್ದನ್ನು ಅವರೇ ಓದುತ್ತಾರೆ. ಕಮಿಟಿಗೆ ಅರ್ಥವಾಗದಿದ್ದರೆ ನಾನು ಕನ್ನಡ ಮಾಡುತ್ತೇನೆ.

ಬರುವ ಗುರುವಾರ. ಪಾರ್ವತಿನಗರದ ಆಫೀಸು, ಮೇಲಿನ ಮಹಡಿ. ಇಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆ. ಅಲ್ಲಿ ಏಳೂವರೆ, ಗದ್ದೆಗೆ ಇಳಿಯುವ ಮೊದಲು.

ಸುವಾರ್ತಮ್ಮ